ರಾಗ ಕೇಳಿಸಿತು, ಸಾಹಿತ್ಯ?

ನವೆಂಬರ್ ಬಂತೆಂದರೆ ಮುಂಬಯಿ ಕನ್ನಡಿಗರಿಗೆ ಭಾವಗೀತೆಗಳ ಸುಗ್ಗಿ. 1926ರಲ್ಲಿ ಹುಟ್ಟಿದ ಮಾಟುಂಗದ ಮೈಸೂರು ಅಸೋಸಿಯೇಷನ್‌ನಿಂದ ಹಿಡಿದು ಠಾಣೆ, ಡೊಂಬಿವಲಿಯ ಬಾಡಿಗೆ ಸಭಾಗೃಹಗಳವರೆಗೂ ಕೀಬೋರ್ಡ್, ಗಿಟಾರ್, ತಬಲಾ, ರಿದಮ್ ಪ್ಯಾಡ್ ಇಟ್ಟುಕೊಂಡ ತಂಡಗಳು ಹಾಡುತ್ತವೆ. ಕಾರ್ಯಕ್ರಮ ಮುಗಿದ ಮೇಲೆ ಉಪ್ಪಿಟ್ಟಿನ ತಟ್ಟೆ ಹಿಡಿದ ಹಿರಿಯರು ಹೇಳುವುದು ಒಂದೇ ಮಾತು: “ರಾಗ ಚೆನ್ನಾಗಿತ್ತು ಕಣಪ್ಪ, ಸಾಹಿತ್ಯ ಕೇಳಿಸಲಿಲ್ಲ.”

ವಾರಾಂತ್ಯದಲ್ಲಿ ಇಂಥ ತಂಡಗಳ ಮಿಕ್ಸರ್ ಹಿಂದೆ ಕೂರುವ ನನಗೆ ಇದು ಸಣ್ಣ ದೂರಲ್ಲ. ಇಲ್ಲಿ ಹುಟ್ಟಿದ ಎಷ್ಟೋ ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ. ಕುವೆಂಪು, ಬೇಂದ್ರೆ ಅವರಿಗೆ ಸಿಗುವುದು ಕಿವಿಯಿಂದಲೇ.

ದನಿ ಕೇಳಿಸದಿದ್ದರೆ ಎಲ್ಲರೂ ಫೇಡರ್ ಏರಿಸುತ್ತಾರೆ. ಸ್ವಲ್ಪ ಹೊತ್ತಿಗೆ ಮೈಕ್ ಕುಂಯ್ ಎನ್ನುತ್ತದೆ. ಕೊರತೆ ಸದ್ದಿನದ್ದಲ್ಲ, ಜಾಗದ್ದು. ‘ಕಾಡು’, ‘ಹಾಡು’ ಎರಡನ್ನೂ ಬೇರೆ ಮಾಡುವುದು ಮೊದಲ ವ್ಯಂಜನವಷ್ಟೇ. ವ್ಯಂಜನಗಳ ಸ್ಪಷ್ಟತೆ ಬಹುಪಾಲು 2000ದಿಂದ 4000 ಹರ್ಟ್ಜ್ ನಡುವೆ ಇರುತ್ತದೆ. ಕೀಬೋರ್ಡ್, ಗಿಟಾರ್‌ಗಳ ಹೊಳಪೂ ಅಲ್ಲೇ. ಲೋಕಲ್ ರೈಲಿನ ನಾಲ್ಕನೇ ಸೀಟಿನ ಹಾಗೆ: ಮೊದಲು ಕೂತ ಮೂವರು ಸರಿದರಷ್ಟೇ ಜಾಗ.

ಹಾಗಾಗಿ ಈಕ್ವಲೈಸರ್‌ನಲ್ಲಿ ನಾನು ಮೊದಲು ಮುಟ್ಟುವುದು ವಾದ್ಯಗಳನ್ನು. ಕೀಬೋರ್ಡ್, ಗಿಟಾರ್ ಎರಡರಲ್ಲೂ 3000 ಹರ್ಟ್ಜ್ ಸುತ್ತ ಮೂರು ನಾಲ್ಕು ಡೆಸಿಬೆಲ್ ಇಳಿಸುತ್ತೇನೆ. ಗಿಟಾರಿನ ಹುಡುಗ ಮುಖ ಸಿಂಡರಿಸುತ್ತಾನೆ, ಇರಲಿ. ಆಮೇಲೆ ದನಿಯಲ್ಲಿ 100 ಹರ್ಟ್ಜ್‌ನ ಕೆಳಗಿನದನ್ನು ಕತ್ತರಿಸುತ್ತೇನೆ; ಅಲ್ಲಿರುವುದು ವೇದಿಕೆಯ ಗುಡುಗುಡು, ‘ಪ’, ‘ಭ’ಗಳ ಉಸಿರು. ಮೈಕನ್ನು ತುಟಿಗೆ ಅಂಟಿಸಿಕೊಂಡು ಹಾಡುವವರ ದನಿ ಗಡಿಗೆಯೊಳಗಿಂದ ಬಂದಂತಿದ್ದರೆ 200ರಿಂದ 400ರ ನಡುವೆ ಸ್ವಲ್ಪ ತಗ್ಗಿಸಬೇಕು. ಇಷ್ಟಾದ ಮೇಲೂ ಬೇಕೆನಿಸಿದರೆ ಮಾತ್ರ ದನಿಯಲ್ಲಿ 3000ದ ಬಳಿ ಎರಡು ಡೆಸಿಬೆಲ್ ಏರಿಸುವುದು. ಅದಕ್ಕಿಂತ ಮೇಲೆ, 5000ದಿಂದ 8000ದವರೆಗೆ, ಹುಷಾರು: ‘ಸ’, ‘ಶ’ ಕಿವಿ ಚುಚ್ಚುತ್ತವೆ. ಮೈಕಿನ ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಾಡಿದರಂತೂ ಯಾವ ಈಕ್ವಲೈಸರ್ ಕೂಡ ಕಾಪಾಡದು.

ನಮ್ಮೂರಿನದೇ ಇನ್ನೊಂದು ತೊಡಕು. ಬಾಡಿಗೆ ಸೌಂಡ್ ಸಿಸ್ಟಮ್ ಜೊತೆ ಬರುವ ಹುಡುಗ ಮರಾಠಿಯವನೋ ಹಿಂದಿಯವನೋ ಆಗಿರುತ್ತಾನೆ. ಕೆಲಸ ಚೆನ್ನಾಗಿ ಗೊತ್ತು, ಆದರೆ ಕನ್ನಡದ ಪದ ನುಂಗಿಹೋದದ್ದು ಅವನಿಗೆ ತಿಳಿಯುವುದಾದರೂ ಹೇಗೆ? “ಆವಾಜ್ ಬಢಾವೋ” ಎಂದು ಕೂಗಿದರೆ ಫೇಡರ್ ಏರಿಸುತ್ತಾನೆ. “ಕೀಬೋರ್ಡ್ ಕಾ ಹೈ ಮಿಡ್ ಥೋಡಾ ಕಮ್ ಕರೋ” ಎಂದು ನೋಡಿ.

ಸೌಂಡ್ ಚೆಕ್‌ನಲ್ಲಿ ಹಾಡು ಗೊತ್ತಿರುವವರ ಕಿವಿಯನ್ನು ನಂಬಬೇಡಿ, ಅವರ ನೆನಪೇ ಸಾಹಿತ್ಯ ತುಂಬಿಕೊಡುತ್ತದೆ. ಹಾಡು ಕೇಳಿರದ ಕನ್ನಡಿಗರೊಬ್ಬರನ್ನು ಕೊನೆಯ ಸಾಲಿನಲ್ಲಿ ಕೂರಿಸಿ, ಕೈಗೆ ಕಾಗದ ಪೆನ್ನು ಕೊಟ್ಟು, ಕೇಳಿಸಿದ್ದನ್ನು ಬರೆಯಲು ಹೇಳಿ. ಸಭಾಗೃಹ ತುಂಬಿದ ಮೇಲೆ ಜನ, ಬಟ್ಟೆಬರೆ ಹೊಳಪನ್ನು ಹೀರಿಕೊಳ್ಳುವುದರಿಂದ ಎರಡನೇ ಹಾಡಿನ ಹೊತ್ತಿಗೆ ಮತ್ತೊಮ್ಮೆ ಅವರ ಕಡೆ ನೋಡಿ.