ರಕ್ತವರ್ಗವೂ ಶ್ವಾಸರೋಗವೂ: ಕೊಳ್ಳೇಗಾಲ ಸೀಮೆಯ ಒಂದು ನಿದರ್ಶನ

ಮನುಷ್ಯರ ರಕ್ತವೆಲ್ಲವೂ ಒಂದೇ ಬಗೆಯದಲ್ಲವೆಂಬುದನ್ನು ವಿಯೆನ್ನಾ ನಗರದ ಕಾರ್ಲ್ ಲ್ಯಾಂಡ್‌ಸ್ಟೈನರನು 1901ರಲ್ಲಿ ಸಿದ್ಧಪಡಿಸಿದನು. ಕೆಂಪು ಕಣಗಳ ಮೇಲಣ ಶರ್ಕರಾಂಶಗಳ ಭೇದದಿಂದ ಎ, ಬಿ, ಎಬಿ, ಓ ಎಂಬ ನಾಲ್ಕು ವರ್ಗಗಳಾಗುವುವು. ಇವನ್ನು ಕುಲಜಾತಿಗಳೊಡನೆ ಬೆರಸತಕ್ಕುದಲ್ಲ. ಎ ವರ್ಗದ ತಂದೆಗೂ ಬಿ ವರ್ಗದ ತಾಯಿಗೂ ಒಂದೇ ಮನೆಯಲ್ಲಿ ನಾಲ್ಕು ವರ್ಗಗಳ ಮಕ್ಕಳೂ ಹುಟ್ಟಬಹುದು.

ಈ ವರ್ಗಭೇದಕ್ಕೂ ವೈರಾಣುಗಳಿಂದ ಬರುವ ಶ್ವಾಸರೋಗಕ್ಕೂ ಸಂಬಂಧವುಂಟೆಂಬ ಮಾತು 2020ರಲ್ಲಿ ಪ್ರಬಲವಾಯಿತು. ಇಟಲಿ ಮತ್ತು ಸ್ಪೇನ್ ದೇಶಗಳಲ್ಲಿ ಕೋವಿಡ್ ರೋಗದಿಂದ ಉಸಿರಾಟ ಕುಂದಿದ 1,610 ರೋಗಿಗಳನ್ನು ಪರೀಕ್ಷಿಸಿದ ವಿದ್ವಾಂಸರು, ಇತರ ವರ್ಗಗಳಿಗೆ ಹೋಲಿಸಿದರೆ ಎ ವರ್ಗದವರಲ್ಲಿ ಅಪಾಯದ ಅನುಪಾತವು 1.45 ಎಂದೂ ಓ ವರ್ಗದವರಲ್ಲಿ 0.65 ಎಂದೂ ಕಂಡರು. ಓ ವರ್ಗದವರ ರಕ್ತದಲ್ಲಿ ಎ ಮತ್ತು ಬಿ ಅಂಶಗಳೆರಡನ್ನೂ ಎದುರಿಸುವ ಪ್ರತಿಕಾಯಗಳಿರುವುದರಿಂದ, ಅನ್ಯವರ್ಗದವನ ದೇಹದಲ್ಲಿ ಬೆಳೆದು ಬಂದ ವೈರಾಣುವಿಗೆ ಅವು ಸ್ವಲ್ಪ ಅಡ್ಡಿಯಾಗಬಹುದೆಂದು ಊಹೆ. ಆದರೆ ಹೋಲಿಕೆಗೆ ತೆಗೆದುಕೊಂಡ ಆರೋಗ್ಯವಂತರಲ್ಲಿ ರಕ್ತದಾನಿಗಳೂ ಇದ್ದರು. ರಕ್ತನಿಧಿಗಳು ಓ ವರ್ಗದವರನ್ನು ಹೆಚ್ಚಾಗಿ ಬಯಸುವುದು ಸಹಜ. ಮುಂದಿನ ಪರೀಕ್ಷೆಗಳಲ್ಲಿ ಈ ವ್ಯತ್ಯಾಸವು ಬಹಳ ಮಟ್ಟಿಗೆ ತಗ್ಗಿತು, ಕೆಲವೆಡೆ ಕಾಣಲೇ ಇಲ್ಲ.

ನೈಯಾಯಿಕರು ಇಂತಹ ದೋಷವನ್ನು ಉಪಾಧಿಯೆಂದು ಕರೆದರು. ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟೆಂದರೆ ತಪ್ಪು. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆಗೆ ಹಸಿ ಸೌದೆಯೂ ಬೇಕು, ಅದೇ ಉಪಾಧಿ.

ಇದಕ್ಕೆ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯೇ ಒಳ್ಳೆಯ ನಿದರ್ಶನ. 2020ರ ಮಾರ್ಚಿಯಲ್ಲಿ ಬೆಂಗಳೂರಿನಲ್ಲಿ ಕಾಣಿಸಿಕೊಂಡ ರೋಗವು, ಈ ತಾಲ್ಲೂಕುಗಳು ಸೇರಿದ ಚಾಮರಾಜನಗರ ಜಿಲ್ಲೆಯಲ್ಲಿ ಜೂನ್ ತಿಂಗಳವರೆಗೂ ವರದಿಯಾಗಲಿಲ್ಲ. ಕರ್ನಾಟಕದ ಗಣನೆಗಳಲ್ಲಿ ಸಾಮಾನ್ಯವಾಗಿ ಓ ವರ್ಗದವರೇ ಅಧಿಕರಾದುದರಿಂದ, ರಕ್ತವೇ ಈ ಸೀಮೆಯನ್ನು ಕಾಯಿತೆಂದು ಒಬ್ಬನು ವಾದಿಸಬಹುದು. ಹಾಗಾದರೆ ನೆರೆಯ ನಂಜನಗೂಡಿನಲ್ಲಿ ಅದೇ ಮಾರ್ಚಿ, ಏಪ್ರಿಲ್ ತಿಂಗಳುಗಳಲ್ಲಿ ಸೋಂಕು ಹೇಗೆ ಹರಡಿತು? ಅಲ್ಲಿಯ ಜನರ ರಕ್ತವು ಇಲ್ಲಿಯವರದಕ್ಕಿಂತ ಬೇರೆಯೆನ್ನಲು ಆಧಾರವಿಲ್ಲ. ಭೇದವಿದ್ದುದು ಸಂಚಾರದಲ್ಲಿ. ಕಾಡು ಬೆಟ್ಟಗಳ ನಡುವಣ ಈ ಜಿಲ್ಲೆಯ ಗಡಿಗಳಲ್ಲಿ ಕಾವಲಿತ್ತು. ಮಲೆ ಮಹದೇಶ್ವರನ ಬೆಟ್ಟಕ್ಕೆ ಯಾತ್ರಿಕರು ಬರುವುದೂ ನಿಂತಿತ್ತು. ಸೋಂಕು ಬಾರದ ಊರಿನಲ್ಲಿ ಎ ವರ್ಗದವನೂ ಓ ವರ್ಗದವನೂ ಸಮಾನರೇ. ಜೂನಿನಲ್ಲಿ ಹೊರಗಿನಿಂದ ಬಂದವರ ಮೂಲಕ ರೋಗವು ಒಳಹೊಕ್ಕಿತು. ಜನರ ರಕ್ತವೇನೂ ಆ ತಿಂಗಳು ಬದಲಾಗಲಿಲ್ಲ.

ಮರುವರ್ಷ ಎರಡನೆಯ ಅಲೆ ಬಂದಾಗ, ಮೇ 2 ಮತ್ತು 3ರ ನಡುವೆ, ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಅಭಾವದ ನಡುವೆ 24 ರೋಗಿಗಳು ಮೃತರಾದರೆಂದು ವರದಿಯಾಯಿತು. ಓ ವರ್ಗದವನಾದರೂ ಆಮ್ಲಜನಕವಿಲ್ಲದೆ ಬದುಕಲಾರನು. 2021ರ ಜನವರಿ 16ರಂದು ಭಾರತದಲ್ಲಿ ಆರಂಭವಾದ ಲಸಿಕೆಯ ಕಾರ್ಯದಲ್ಲಿ ಯಾರಿಗೆ ಮೊದಲೆಂದು ನಿರ್ಣಯಿಸುವಾಗ ಉದ್ಯೋಗವನ್ನು ನೋಡಿದರು, ವಯಸ್ಸನ್ನು ನೋಡಿದರು, ಇತರ ವ್ಯಾಧಿಗಳನ್ನೂ ನೋಡಿದರು, ರಕ್ತವರ್ಗವನ್ನು ನೋಡಲಿಲ್ಲ.