ಹರಿಯುವ ನೀರು, ಕೂಡುವ ಸಭೆ

ಧಾರವಾಡದ ಮಳೆಗೆ ಒಂದು ವೈಶಿಷ್ಟ್ಯವುಂಟು. ಊರಿನ ಒಂದು ಮಗ್ಗುಲಿಗೆ ಬಿದ್ದ ಹನಿ ಶಾಲ್ಮಲೆಯನ್ನು ಸೇರಿ, ಬೇಡ್ತಿಯಾಗಿ ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯೆಂಬ ಹೆಸರಿನಿಂದ ಅಂಕೋಲೆಯ ಸೀಮೆಯಲ್ಲಿ ಪಡುಗಡಲನ್ನು ಕೂಡುತ್ತದೆ. ಇನ್ನೊಂದು ಮಗ್ಗುಲಿಗೆ ಬಿದ್ದ ಹನಿ ಹಳ್ಳಗಳ ದಾರಿಯಿಂದ ಬೆಣ್ಣಿಹಳ್ಳವನ್ನೂ ಮಲಪ್ರಭೆಯನ್ನೂ ಸೇರಿ, ಕೂಡಲಸಂಗಮದಲ್ಲಿ ಕೃಷ್ಣೆಯೊಡನೆ ಬೆರೆತು ಮೂಡಣ ಸಮುದ್ರದತ್ತ ಸಾಗುತ್ತದೆ. ಒಂದೇ ಮುಗಿಲಿನ ನೀರಿಗೆ ಎರಡು ಕಡಲು!

ಜಿಲ್ಲೆಯ ಬದುಕೂ ಹೀಗೆಯೇ ಇಬ್ಭಾಗವಾಗಿದೆ. ಪಡುವಣದ ಕಲಘಟಗಿ, ಅಳ್ನಾವರಗಳ ಕಡೆ ಮಲೆನಾಡಿನ ಸೆರಗು; ಅಲ್ಲಿ ಕಾಡು, ಕೆರೆ, ಭತ್ತದ ಗದ್ದೆ. ಮೂಡಣದ ನವಲಗುಂದ, ಅಣ್ಣಿಗೇರಿ, ಕುಂದಗೋಳಗಳಲ್ಲಿ ಕಣ್ಣು ಹರಿದಷ್ಟು ದೂರ ಎರೆ ಭೂಮಿ. ಅಲ್ಲಿ ಬಿಳಿಜೋಳ, ಕಡಲೆ, ಹತ್ತಿ. ಎರೆ ಸೀಮೆಯ ಬಹಳಷ್ಟು ಊರುಗಳಲ್ಲಿ ಅಂತರ್ಜಲ ಸವಳು. ಕುಡಿಯಲು ಕೆರೆಯ ನೀರೇ ಗತಿ. ಆ ಕೆರೆಗಳಲ್ಲಿ ಹಲವು ಮಲಪ್ರಭೆಯ ಕಾಲುವೆಯಿಂದ ತುಂಬತಕ್ಕವು. ಬೇಸಿಗೆಯಲ್ಲಿ ಇಷ್ಟು ಬಾಯಾರುವ ಈ ಸೀಮೆಯೇ 2009 ಮತ್ತು 2019ರಲ್ಲಿ ಬೆಣ್ಣಿಹಳ್ಳದ ಹೊಳೆಗೆ ಸಿಲುಕಿ ನಲುಗಿತು. ಇಂಥ ನೆಲದಲ್ಲಿ ಕೆರೆಯ ಏರಿ, ಹಳ್ಳದ ದಂಡೆ, ಹೊಲದ ಹಾದಿ ಇವುಗಳ ವಿಚಾರವು ಯಾರೋ ದೂರದವರು ಕುಳಿತು ತೀರ್ಮಾನಿಸುವಂಥದಲ್ಲ. ಆ ಊರಿನವರೇ ಕೂಡಿ ಬಗೆಹರಿಸತಕ್ಕದ್ದು. ಗ್ರಾಮಾಡಳಿತದ ಮೂಲತತ್ತ್ವ ಇದೇ.

ಈಗ ನಮ್ಮ ಅನೇಕ ಮನೆಗಳ ಮಕ್ಕಳು ಅಮೆರಿಕೆಯಲ್ಲಿದ್ದಾರೆ. ಅಲ್ಲಿಯ ಹಳ್ಳಿಗಾಡಿನಲ್ಲಿ 'ಟೌನ್‌ಶಿಪ್' ಎಂಬುದೊಂದು ಘಟಕವಿದೆ. 1785ರ ಭೂ ಕಾನೂನಿನಂತೆ ಪಶ್ಚಿಮದ ವಿಶಾಲ ನೆಲವನ್ನು ಆರು ಮೈಲು ಉದ್ದ, ಆರು ಮೈಲು ಅಗಲದ ಚೌಕಗಳಾಗಿ ಅಳೆದರು. ಪ್ರತಿ ಚೌಕದಲ್ಲಿ 36 ಭಾಗಗಳು. ಅವುಗಳಲ್ಲಿ 16ನೆಯದನ್ನು ಶಾಲೆಯ ನಿರ್ವಹಣೆಗೆಂದು ಮೀಸಲಿಟ್ಟರು. ಹೊಳೆ ಅಡ್ಡ ಬಂದರೂ ಗುಡ್ಡ ಅಡ್ಡ ಬಂದರೂ ಗೆರೆ ಮಾತ್ರ ನೇರ. ನಮ್ಮಲ್ಲಿ ಹಾಗಿಲ್ಲ. ನಮ್ಮ ಊರುಗಳ ಎಲ್ಲೆ ಹಳ್ಳದ ಬಳುಕಿನೊಡನೆ ಬಳುಕುತ್ತದೆ, ದಿನ್ನೆಯೊಡನೆ ಏರುತ್ತದೆ.

ಆದರೆ ಆ ಚೌಕದೊಳಗೆ ನಡೆಯುವ ಒಂದು ಸಂಗತಿ ನಮಗೆ ಅನುಕರಣೀಯ. ಮಿನ್ನೆಸೋಟ ರಾಜ್ಯದ ಟೌನ್‌ಶಿಪ್‌ಗಳಲ್ಲಿ ಪ್ರತಿ ವರ್ಷ ಮಾರ್ಚ್ ತಿಂಗಳ ಎರಡನೆಯ ಮಂಗಳವಾರ ಮತದಾರರ ಸಭೆ ಸೇರುತ್ತದೆ. ರಸ್ತೆಗಳಿಗೂ ಇತರ ಕೆಲಸಗಳಿಗೂ ಎಷ್ಟು ತೆರಿಗೆ ಎತ್ತಬೇಕೆಂಬುದನ್ನು ಅಲ್ಲಿ ಕುಳಿತ ಒಕ್ಕಲಿಗರೇ ನಿಶ್ಚಯಿಸುತ್ತಾರೆ.

ಇಂಥ ಸಭೆ ನಮ್ಮಲ್ಲಿಲ್ಲವೇ? ಇದೆ. ಅದು ಬಂದ ದಾರಿ ಮಾತ್ರ ದೀರ್ಘವಾದುದು. ಹಿಂದೆ ಚಾವಡಿಯಲ್ಲಿ ಗೌಡ, ಕುಲಕರ್ಣಿಯರ ಮಾತೇ ಕೊನೆಯದು. ಆ ಊಳಿಗಗಳು ವಂಶಪಾರಂಪರ್ಯವಾಗಿದ್ದವು. 1956ರ ವರೆಗೆ ನಮ್ಮ ಜಿಲ್ಲೆ ಮುಂಬಯಿ ಆಡಳಿತದಲ್ಲಿದ್ದುದರಿಂದ ಅಲ್ಲಿಯ 1920 ಮತ್ತು 1933ರ ಗ್ರಾಮ ಪಂಚಾಯತಿ ಕಾಯದೆಗಳು ಇಲ್ಲಿಗೂ ಅನ್ವಯಿಸಿದವು. ಏಕೀಕರಣದ ಬಳಿಕ 1959ರ ಮೈಸೂರು ಕಾಯದೆ ಬಂದಿತು. 1983ರ ಕಾಯದೆಯಂತೆ 1987ರಲ್ಲಿ ಚುನಾವಣೆ ನಡೆದು ಮಂಡಲ ಪಂಚಾಯತಿಗಳೂ ಜಿಲ್ಲಾ ಪರಿಷತ್ತುಗಳೂ ಉದಯಿಸಿದವು. ಅದರ ರೂವಾರಿ ಅಬ್ದುಲ್ ನಜೀರ್ ಸಾಬರನ್ನು ಕೊಳವೆ ಬಾವಿಗಳ ಕಾರಣದಿಂದ ಜನರು 'ನೀರ್ ಸಾಬ್' ಎಂದೇ ಕರೆದರು. ಹಳ್ಳಿಯ ಆಡಳಿತವೂ ನೀರೂ ಬೇರೆ ಬೇರೆಯಲ್ಲವೆಂಬುದನ್ನು ಆ ಹೆಸರೇ ಹೇಳುತ್ತದೆ. 1993ರಲ್ಲಿ ಸಂವಿಧಾನದ 73ನೆಯ ತಿದ್ದುಪಡಿಯೂ ನಮ್ಮ ರಾಜ್ಯದ ಹೊಸ ಕಾಯದೆಯೂ ಜಾರಿಗೆ ಬಂದು ಗ್ರಾಮಸಭೆಗೆ ಭದ್ರವಾದ ಪೀಠ ದೊರೆಯಿತು.

ಕಾಯದೆಯ ಪ್ರಕಾರ ಸುಮಾರು 400 ಜನಸಂಖ್ಯೆಗೆ ಒಬ್ಬ ಪಂಚಾಯತಿ ಸದಸ್ಯ. ಆದರೆ ಗ್ರಾಮಸಭೆಗೆ ಚುನಾವಣೆಯಿಲ್ಲ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಅದರ ಸದಸ್ಯರೇ. ಆರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕು. ಮತದಾರರಲ್ಲಿ ಹತ್ತನೆಯ ಒಂದು ಪಾಲು ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟಾದರೂ ಹಾಜರಿರಬೇಕು. ಯಾವ ಕೆಲಸ ಮೊದಲು, ಯಾವ ಬಡವನಿಗೆ ಮನೆ ಎಂಬುದು ಅಲ್ಲಿ ಚರ್ಚೆಯಾಗಬೇಕು.

ವ್ಯವಸ್ಥೆ ಇಷ್ಟು ಚೆನ್ನಾಗಿದ್ದರೂ ಕೊರತೆ ಎಲ್ಲಿದೆ? ಕೆಲ ವರ್ಷಗಳ ಹಿಂದೆ ಪ್ರವಚನದ ನಿಮಿತ್ತ ಎರೆ ಸೀಮೆಯ ಒಂದೂರಿನಲ್ಲಿ ತಂಗಿದ್ದೆನು. ಅದೇ ದಿನ ಗ್ರಾಮಸಭೆ. ಕೆರೆಯ ಹೂಳೆತ್ತುವ ವಿಷಯವಿತ್ತು. ಹಿಂದಿನ ಸಂಜೆ ಪ್ರವಚನಕ್ಕೆ ಗುಡಿಯ ಅಂಗಳ ತುಂಬಿತ್ತು. ಸಭೆಗೆ ಬಂದವರು ಇಪ್ಪತ್ತು ಮೂವತ್ತು ಜನ. ಹೆಣ್ಣುಮಕ್ಕಳು ಹೊಸ್ತಿಲ ಹೊರಗೆ ನಿಂತಿದ್ದರು. ಆಗ ವೃದ್ಧೆಯೊಬ್ಬಳು, "ನೀರು ಹೊರಾವ್ರು ನಾವು, ಕೆರಿ ಮಾತಿಗೆ ಕುಂದ್ರಾವ್ರು ನೀವು. ಹಿಂಗಾದ್ರ ಹೆಂಗ್ರೀಪಾ?" ಎಂದಳು. ಯಾರಿಗೂ ಉತ್ತರ ತೋಚಲಿಲ್ಲ. ಜನ ಸಾಲದೆ ಸಭೆ ಮುಂದೆ ಹೋಯಿತು. ಕೆರೆಯ ಮಾತೂ ಮುಂದೆ ಹೋಯಿತು. ಹಿಂದಿನ ದಿನ ತುಂಬಿದ ಅಂಗಳವನ್ನು ಕಂಡು ಹಿಗ್ಗಿದ್ದ ನನಗೂ ಆ ಪ್ರಶ್ನೆ ತಟ್ಟದೆ ಇರಲಿಲ್ಲ.

ಮೇಲಿನ ಹಂತಗಳ ಸ್ಥಿತಿಯೂ ಚಿಂತಾಜನಕ. 2021ರಲ್ಲಿ ಅವಧಿ ಮುಗಿದ ಜಿಲ್ಲಾ ಮತ್ತು ತಾಲೂಕು ಪಂಚಾಯತಿಗಳಿಗೆ ವರ್ಷಗಟ್ಟಲೆ ಚುನಾವಣೆ ನಡೆಯದೆ ಅಧಿಕಾರಿಗಳೇ ಅವನ್ನು ನಡೆಸಿದರು. ಮೇಲಿನ ಕುರ್ಚಿ ಬರಿದಾಗಿದೆಯೆಂದು ನಾವು ಆಕ್ಷೇಪಿಸುವುದು ನ್ಯಾಯವೇ. ಆದರೆ ಯಾವ ಚುನಾವಣೆಯನ್ನೂ ಕಾಯದೆ ನಮಗೆ ಸಿಕ್ಕಿರುವ ಗ್ರಾಮಸಭೆಯ ಜಮಖಾನೆಯನ್ನು ನಾವೇ ಬರಿದು ಬಿಟ್ಟರೆ, ಆ ಆಕ್ಷೇಪಕ್ಕೆ ಬಲವೆಲ್ಲಿಯದು?

ಸದ್ಭಕ್ತರಲ್ಲಿ ನನ್ನ ವಿನಂತಿ ಇಷ್ಟೇ. ಜಾತ್ರೆಯ ದಿನವನ್ನು ನೆನಪಿಡುವಂತೆ ಗ್ರಾಮಸಭೆಯ ದಿನವನ್ನೂ ನೆನಪಿಡಿರಿ. ಮನೆಗೊಬ್ಬರಾದರೂ ಹೋಗಿರಿ. ಕೊಡ ಹೊರುವ ತಾಯಂದಿರನ್ನು ಮುಂದಿನ ಸಾಲಿನಲ್ಲಿ ಕೂಡಿಸಿರಿ. ನಮ್ಮ ಮುಗಿಲಿನ ನೀರು ಯಾವ ಕಡಲನ್ನಾದರೂ ಸೇರಲಿ. ಹೋಗುವ ಮುನ್ನ ಅದು ನಮ್ಮ ಕೆರೆಯಲ್ಲಿ ನಿಲ್ಲುವುದೋ ಇಲ್ಲವೋ ಎಂಬುದು ನಾವು ಕೂಡಿ ಕುಳಿತು ಆಡುವ ಮಾತಿನ ಮೇಲೆ ನಿಂತಿದೆ.