ಸತ್ತವರಿಗೆ ದಿನವೂ ಊಟವಿಡುವ ತೊರಾಜಾ

ಉಸಿರು ನಿಂತು ವರ್ಷವೇ ಆಗಿದೆ. ಆದರೂ ಅಜ್ಜ ಮನೆಯಲ್ಲೇ, ತನ್ನ ಕೋಣೆಯಲ್ಲೇ ಮಲಗಿದ್ದಾನೆ! ಹೊತ್ತುಹೊತ್ತಿಗೆ ಅವನ ಪಕ್ಕ ಊಟ, ನೀರು. ಒಳಗೆ ಬಂದವರು ಅವನನ್ನು ಮಾತಾಡಿಸುತ್ತಾರೆ. ತೀರಿಕೊಂಡ ಅಂತ ಯಾರೂ ಅನ್ನುವುದಿಲ್ಲ, ಮೈಗೆ ಹುಷಾರಿಲ್ಲ ಅನ್ನುತ್ತಾರೆ. ತಿಥಿಗೆ ಬೇಕಾದಷ್ಟು ದುಡ್ಡು ಕೂಡುವವರೆಗೆ, ದೂರದ ಮಕ್ಕಳೆಲ್ಲ ಬಂದು ಸೇರುವವರೆಗೆ ಅವನು ಕಾಯಿಲೆಯವನಷ್ಟೇ.

ಇಂಡೊನೇಷ್ಯಾದ ಸುಲಾವೆಸಿ ದ್ವೀಪದ ಬೆಟ್ಟಸೀಮೆ ಇದು, ತೊರಾಜಾ. ಮಕಾಸ್ಸರ್‌ನಿಂದ ಬಸ್ಸಿನಲ್ಲಿ 8-10 ಗಂಟೆಯ ದಾರಿ. ಮೆಟ್ಟಿಲು ಗದ್ದೆ, ಬಿದಿರ ಮೆಳೆ, ಕಾಫಿ ಗಿಡ... ಅರೆ, ನಮ್ಮ ಮಲೆನಾಡೇ ಅಂದುಕೊಳ್ಳುವಷ್ಟರಲ್ಲಿ ಎದುರಿಗೆ ತೊಂಗ್‌ಕೊನಾನ್ ಮನೆಗಳ ಸಾಲು! ಎರಡೂ ತುದಿ ಆಕಾಶಕ್ಕೆ ಚಿಮ್ಮಿದ ಸೂರು. ಗೋಡೆ ತುಂಬ ಕೆಂಪು, ಕಪ್ಪು, ಹಳದಿ, ಬಿಳಿಯ ಕೆತ್ತನೆ. ಮುಂಗಂಬಕ್ಕೆ ಒಂದರ ಮೇಲೊಂದು ಬಿಗಿದ ಕೋಣದ ಕೊಂಬುಗಳು, ಆ ಮನೆ ಮಾಡಿದ ತಿಥಿಗಳ ಲೆಕ್ಕ ಹೇಳುತ್ತ ನಿಂತಿವೆ.

ಆ ತಿಥಿಯನ್ನು ನೋಡಬೇಕು! ಬಿದಿರ ಗಳಕ್ಕೆ ಕಟ್ಟಿದ ಹಂದಿಗಳನ್ನು ಹೊತ್ತು ನೆಂಟರು ಗುಂಪುಗುಂಪಾಗಿ ಬರುತ್ತಾರೆ. ಯಾರು ಏನು ತಂದರೆಂದು ಬರೆದಿಡುತ್ತಾರೆ, ನಮ್ಮ ಮದುವೆಮನೆಯ ಮುಯ್ಯಿಯ ಹಾಗೆ. ತಂದವರ ಮನೆಯಲ್ಲಿ ಸಾವಾದಾಗ ಅಷ್ಟನ್ನೂ ತೀರಿಸಲೇಬೇಕು. ಗಂಡಸರು ದುಂಡಗೆ ನಿಂತು ಕೈ ಬೆಸೆದು ಸತ್ತವನ ಬದುಕನ್ನು ಹಾಡುತ್ತಾರೆ. ಕೋಣಗಳು ಒಂದೊಂದಾಗಿ ಬಲಿಯಾಗುತ್ತವೆ. ನೋಡಲು ಗುಂಡಿಗೆ ಬೇಕು, ನಿಜ. ಆದರೆ ಪುಯಾ ಎಂಬ ಪಿತೃಲೋಕಕ್ಕೆ ಆತ್ಮ ಹೋಗುವುದೇ ಕೋಣದ ಬೆನ್ನೇರಿ! ಯಮನನ್ನು ಕೋಣದ ಮೇಲೆ ಕಂಡ ನಮಗೆ ಮೈ ಜುಮ್ಮೆನ್ನದೆ ಇರುತ್ತದೆಯೆ? ಮೈಮೇಲೆ ಬಿಳಿ ಮಚ್ಚೆ ಹರಡಿದ ತೆಡೊಂಗ್ ಬೊಂಗಾ ಕೋಣಕ್ಕೆ ಒಂದು ಕಾರಿನ ಬೆಲೆ. ರಾಂತೆಪಾವೊ ಪಟ್ಟಣದ ಬೊಲು ಸಂತೆಯಲ್ಲಿ ಅದರ ಮೈ ತಿಕ್ಕಿ ತೊಳೆಯುವ ಆರೈಕೆಯನ್ನು ನಿಂತು ನೋಡಬೇಕು.

ಡಚ್ ಮಿಷನರಿಗಳು 1913ರಲ್ಲಿ ಇಲ್ಲಿಗೆ ಬಂದರು. ಈಗ ಹೆಚ್ಚಿನವರು ಕ್ರೈಸ್ತರು, ಭಾನುವಾರ ಚರ್ಚಿಗೆ ಹೋಗುವವರು. ಆದರೂ ಹಿರಿಯರ ಈ ಸಾಲವನ್ನು ಬಿಟ್ಟಿಲ್ಲ. ನನಗೆ ಎಲ್ಲಕ್ಕಿಂತ ದೊಡ್ಡ ಅಚ್ಚರಿ ಇದೇ.

ಲೆಮೊ ಎಂಬ ಊರಲ್ಲಿ ಕತ್ತೆತ್ತಿದರೆ ಕಡಿದಾದ ಬಂಡೆಯಲ್ಲಿ ಕೊರೆದ ಗೋರಿಗಳು, ಪಕ್ಕದ ಮೊಗಸಾಲೆಯಲ್ಲಿ ಸಾಲಾಗಿ ನಿಂತ ತೌ-ತೌಗಳು. ಸತ್ತವರ ಮರದ ಪ್ರತಿಮೆಗಳವು, ಬಟ್ಟೆ ತೊಟ್ಟು, ಬಿಳಿಗಣ್ಣು ಬಿಟ್ಟು, ಕೈ ಮುಂಚಾಚಿ ಕೆಳಗಿನ ಗದ್ದೆಯನ್ನೇ ನೋಡುತ್ತಿವೆ. ದೊಡ್ಡ ಮನೆತನದವರದಾದರೆ ಹಲಸಿನ ಮರದ್ದು. ಕಂಬಿರಾ ಎಂಬ ಊರಲ್ಲಿ ಮಾತೇ ಹೊರಡುವುದಿಲ್ಲ. ಹಲ್ಲು ಮೂಡುವ ಮೊದಲೇ ಹೋದ ಕೂಸುಗಳನ್ನು ಜೀವಂತ ಮರದ ಕಾಂಡದಲ್ಲಿ ಪೊಟರೆ ಕೊರೆದು ಒಳಗಿಡುತ್ತಿದ್ದರಂತೆ. ಆ ಮರದಲ್ಲಿ ಒಸರುವುದು ಬಿಳಿ ಹಾಲು. ತಾಯಿಯ ಹಾಲಿಗೆ ಬದಲಾಗಿ ಕೂಸಿಗೆ ಅದೇ ಆಸರೆ. ಮರ ಬೆಳೆದಂತೆ ಕೂಸೂ ಬೆಳೆಯುತ್ತದೆ ಎಂಬ ನಂಬಿಕೆ!

ಇನ್ನೂ ಮುಗಿದಿಲ್ಲ. ಕೆಲವು ಊರುಗಳಲ್ಲಿ ಕೊಯ್ಲಾದ ಮೇಲೆ, ಆಗಸ್ಟ್ ಹೊತ್ತಿಗೆ, ಮನೆನೆ ಎಂಬ ಆಚರಣೆ ನಡೆಯುತ್ತದೆ. ಗೋರಿಯಿಂದ ಹಿರಿಯರ ದೇಹಗಳನ್ನು ಹೊರತೆಗೆದು, ಧೂಳು ಒರೆಸಿ, ಹೊಸ ಬಟ್ಟೆ ತೊಡಿಸುತ್ತಾರೆ. ಮೊಮ್ಮಕ್ಕಳು ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ.

ಹೋಗುವುದಾದರೆ ಮಳೆ ಕಡಿಮೆಯಿರುವ ಜುಲೈ-ಆಗಸ್ಟ್‌ನಲ್ಲಿ ಹೋಗಿ. ತಿಥಿಗೆ ಪರದೇಶದವರನ್ನೂ ಕರೆದು ಕೂರಿಸುತ್ತಾರೆ. ಕಪ್ಪು ಬಟ್ಟೆ ಉಡಿ, ಬರಿಗೈಯಲ್ಲಿ ಹೋಗಬೇಡಿ, ಒಂದಿಷ್ಟು ಸಕ್ಕರೆಯಾದರೂ ಇರಲಿ. ಸ್ಥಳೀಯ ಮಾರ್ಗದರ್ಶಿಯೊಬ್ಬರು ಜತೆಗಿದ್ದರೆ ಎಲ್ಲಿ ಕೂರಬೇಕು, ಯಾರಿಗೆ ಕೊಡಬೇಕು ಎಂಬುದನ್ನು ಅವರೇ ಹೇಳುತ್ತಾರೆ.